ದಫೇದಾರರು ಉತ್ತರ ಹೇಳಿದ ದಿನ

೧೯೩೮ರಲ್ಲಿ ನಾನು ಚನ್ನಗಿರಿಯಲ್ಲಿ ಅಮಲ್ದಾರನಾಗಿದ್ದೆ. ಕಂದಾಯದ ಜೊತೆಗೆ ಮ್ಯಾಜಿಸ್ಟ್ರೇಟ್ ಅಧಿಕಾರವೂ ಆಗ ಅಮಲ್ದಾರರಿಗಿತ್ತು. ಆ ಬೇಸಿಗೆಯಲ್ಲಿ ಪಕ್ಕದ ಹೊನ್ನಾಳಿ ತಾಲ್ಲೂಕಿನ ಒಂದು ವಿಚಾರಣೆಯನ್ನು ನನಗೆ ಒಪ್ಪಿಸಿದರು. ಪರಸ್ಥಳದವನಿಗೆ ಯಾರ ಹಂಗೂ ಇರುವುದಿಲ್ಲವೆಂದು. ನ್ಯಾಮತಿಯಿಂದ ಗಾಡಿಯಲ್ಲಿ ಅರ್ಧ ದಿನದ ದಾರಿ. ಊರಿನ ಹೆಸರು ಇಲ್ಲಿ ಬೇಡ.

ಎತ್ತು ಕದ್ದನೆಂಬ ಗುಮಾನಿಯ ಮೇಲೆ ಹಾಲೇಶನೆಂಬ ಬಾಡಿಗೆ ಗಾಡಿಯವನನ್ನು ಅಲ್ಲಿನ ಹೊರಠಾಣೆಯ ದಫೇದಾರ, ಅಂದರೆ ಹೆಡ್ ಕಾನ್‌ಸ್ಟೇಬಲ್, ಹಿಡಿದು ತಂದಿದ್ದ. ಎತ್ತುಗಳು ಮೂರನೆಯ ದಿನ ತಾವಾಗಿಯೇ ಕೊಟ್ಟಿಗೆಗೆ ಬಂದವು. ಅಷ್ಟರಲ್ಲಿ ಹಾಲೇಶನ ಬಲಗೈ ಮುರಿದಿತ್ತು. ಕಾವಲಿನಿಂದ ಓಡುವಾಗ ಹಳ್ಳಕ್ಕೆ ಬಿದ್ದನೆಂದು ದಫೇದಾರನ ವರದಿ. ಕಟ್ಟಿಹಾಕಿ ಹೊಡೆದರೆಂದು ಹೆಂಡತಿ ಗಂಗಮ್ಮನ ದೂರು. ಆ ವರದಿಯೇ ನಿಜವೆಂದು ನಿಂತರೆ, ತಪ್ಪಿಸಿಕೊಂಡು ಓಡಿದ ಅಪರಾಧಕ್ಕೆ ಕೈ ಮುರಿದವನೇ ಜೈಲಿಗೆ ಹೋಗಬೇಕಿತ್ತು.

ಸಾಕ್ಷಿಗಳು ಬರಲೆಂದು ಡಂಗುರ ಸಾರಿಸಿ, ಬೆಳಿಗ್ಗೆ ಎಂಟಕ್ಕೆ ಚಾವಡಿಯಲ್ಲಿ ಕುಳಿತೆ. ಮಧ್ಯಾಹ್ನವಾದರೂ ಒಬ್ಬರೂ ಸುಳಿಯಲಿಲ್ಲ. ಠಾಣೆ ಊರ ನಡುವೆಯೇ ಇತ್ತು. ಹಾಲೇಶನ ಕೂಗು ಯಾರಿಗೂ ಕೇಳಿಸಿಲ್ಲವೆಂದರೆ ನಂಬುವುದು ಹೇಗೆ? ನನಗೆ ಕುತೂಹಲ ಹುಟ್ಟಿತು. ಊಟದ ಹೊತ್ತು ಮೀರುತ್ತಿದ್ದರೂ ಬಾವಿಯ ಕಡೆ ನಡೆದೆ. ನೀರು ಸೇದುತ್ತಿದ್ದ ಮುದುಕಿಯೊಬ್ಬಳನ್ನು, "ಯಾಕಜ್ಜಿ, ಡಂಗುರ ಕೇಳಿಸಲಿಲ್ಲವೆ?" ಎಂದು ಕೇಳಿದೆ.

"ಕೇಳ್ತು ಸ್ವಾಮಿ. ಮುಂದೆ ತಳವಾರನ ತಮಟೆ, ಹಿಂದೆ ಅದೇ ದಫೇದಾರ್ರು ಮೀಸೆ ತಿರುವ್ತಾ ಬಂದ್ರು. ಎಲ್ರೂ ಹೊಲಕ್ಕೆ ಓಡಿದ್ರು. ನೀವಾಗಿದ್ರೆ ಬರ್ತಿದ್ರೇನ್ರೀ?"

ಡಂಗುರದ ಹಿಂದೆ ಠಾಣೆಯವರೊಬ್ಬರು ನಡೆಯುವುದು ಅಲ್ಲಿಯ ಮಾಮೂಲು. ದಫೇದಾರ ಅದನ್ನು ಚೆನ್ನಾಗಿ ಬಳಸಿಕೊಂಡಿದ್ದ.

ಸಂಜೆ ತಳವಾರನೊಬ್ಬನನ್ನೇ ಕಳಿಸಿದೆ. ಸಾರುವ ಮಾತನ್ನೂ ಬದಲಿಸಿದೆ. ಅವನು ತನ್ನ ಧಾಟಿಯಲ್ಲಿ ಕೂಗಿದ: "ನಾಳೆ ಕಣದಾಗೆ ದಫೇದಾರ್ರು ಉತ್ತರ ಹೇಳ್ತಾರೆ, ಕೇಳಾಕೆ ಬರ್ರಪ್ಪೋ!"

ಮರುದಿನ ಕಣ ತುಂಬಿತು. ದೂರಲು ಬಾರದವರು ನೋಡಲು ಬಂದಿದ್ದರು. ಹಾಲೇಶ ಹೇಗೆ ತಪ್ಪಿಸಿಕೊಂಡ, ಹೇಗೆ ಓಡಿದ ಎಂದು ದಫೇದಾರ ವಿವರಿಸತೊಡಗಿದ. ಠಾಣೆಯ ಎದುರು ಮನೆಯ ಬಡಗಿ ರುದ್ರಪ್ಪ ಫಕ್ಕನೆ ನಕ್ಕ.

"ಯಾಕೋ ನಗ್ತೀಯ?" ದಫೇದಾರ ಗದರಿದ.

"ಕಂಬಾನೂ ಹೊತ್ಕೊಂಡು ಓಡಿದ್ನೇನ್ರೀ ದಫೇದಾರ್ರೆ? ಅವನ್ನ ಕಂಬಕ್ಕೆ ಕಟ್ಟಿದ ಹಗ್ಗ ನಂದೇ ಐತೆ. ನೀವೇ ಇಸ್ಕೊಂಡು ಹೋದ್ರಿ, ಇನ್ನೂ ವಾಪಸ್ ಕೊಟ್ಟಿಲ್ಲ!"

ಕಣವೆಲ್ಲ ನಕ್ಕಿತು. ನಗು ನಿಲ್ಲುವ ಮೊದಲೇ ಮತ್ತೊಬ್ಬ ಎದ್ದ. ಆಮೇಲೆ ಠಾಣೆಯ ಬಲಮಗ್ಗುಲ ಮನೆಯ ಹೆಂಗಸರು. ಹಾಲೇಶನ ಕೈ ಕಂಬದ ಹತ್ತಿರವೇ ಮುರಿದದ್ದು ಸ್ಪಷ್ಟವಾಯಿತು. ರುದ್ರಪ್ಪನಿಂದ ಹೆಬ್ಬೆಟ್ಟು ಒತ್ತಿಸುವಾಗ, ನಿನ್ನೆ ಯಾಕೆ ಬರಲಿಲ್ಲವೆಂದು ಕೇಳಿದೆ.

"ಸಾಕ್ಷಿ ಹೇಳಾಕೆ ಇವತ್ತೂ ಬಂದಿರ್ಲಿಲ್ಲ ಸ್ವಾಮಿ. ಎದುರಿಗೇ ಅಷ್ಟು ಸುಳ್ಳು ಹೇಳಿದ್ರೆ ಸುಮ್ನೆ ಕುಂದ್ರಾಕೆ ಆಗ್ಲಿಲ್ಲ."

ಹಾಲೇಶನ ಮೇಲಿನ ಮೊಕದ್ದಮೆ ವಜಾ ಆಯಿತು. ದಫೇದಾರನಿಗೆ ಶಿಕ್ಷೆಯಾಗಿ ಕೆಲಸವೂ ಹೋಯಿತು. ಹಾಲೇಶನ ಕೈ ಮಾತ್ರ ನೆಟ್ಟಗಾಗಲಿಲ್ಲ; ಗಾಡಿ ಹೊಡೆಯುವ ಕೆಲಸ ಗಂಗಮ್ಮನದಾಯಿತು.

ಮುಂದೆ ಜಗಳೂರಿಗೆ ವರ್ಗವಾದ ಮೇಲೆ, ಇಂಥ ದೂರು ಬಂದಾಗಲೆಲ್ಲ ನಾನು ಸಾಕ್ಷಿಗಳನ್ನು ಮೊದಲು ಕರೆಯುತ್ತಿರಲಿಲ್ಲ. ಆಪಾದಿತ ಅಧಿಕಾರಿಯನ್ನೇ ಊರವರೆದುರು ಬಯಲಿನಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದೆ. ದೂರು ಹೇಳಲು ಹೆದರುವ ಜನ ಸುಳ್ಳನ್ನು ತಿದ್ದಲು ಹೆದರುವುದಿಲ್ಲವೆಂದು ಆ ಕಣದಲ್ಲಿ ಕಲಿತಿದ್ದೆ.