ರೋಜಾ ಮಾಡಿದ ಅರ್ಧ ಪರೀಕ್ಷೆ

ಕಳೆದ ವರ್ಷದ ರಂಜಾನ್ ತಿಂಗಳು. ವಿದ್ಯಾನಗರದ ಹಾಸ್ಟೆಲ್‌ನಿಂದ ಹರಿಹರದ ನಮ್ಮ ಮನೆಗೆ ಬಂದಿದ್ದೆ. ಸಂಜೆ ರೋಜಾದ ಉಪವಾಸ ಬಿಡುವಾಗ ಅಮ್ಮಿ ಖರ್ಜೂರವನ್ನು ಬಲಗಡೆಯಿಂದ ಮಾತ್ರ ಅಗಿಯುತ್ತಿದ್ದರು. ಯಾಕೆಂದು ಕೇಳಿದೆ.

"ಎಡಗೆನ್ನೆ ಒಳಗ ಒಂದು ಗಂಟು ಐತೆ. ನೋವೇನಿಲ್ಲ, ಬಿಡು."

ಬೆರಳಿಟ್ಟು ನೋಡಿದೆ. ಕಡಲೆಕಾಳಿಗಿಂತ ದಪ್ಪ, ಗಟ್ಟಿ. ಬಕ್ರೀದ್ ಆದಾಗಿನಿಂದ ಇದೆಯಂತೆ! ನೆಗಡಿ ಬಂದ ದಿನವನ್ನೂ ಡೈರಿಯಲ್ಲಿ ಬರೆದಿಡುವವಳು ನಾನು. ಅಮ್ಮಿ ಎಂಟೊಂಬತ್ತು ತಿಂಗಳು ಯಾರಿಗೂ ಹೇಳದೆ ಕೂತಿದ್ದರು. ಎಲೆ-ಅಡಿಕೆ, ತಂಬಾಕು ಮುಟ್ಟದವರು. ಆದರೂ ಬಾಯೊಳಗಿನ ಗಂಟು ಎಂದರೆ ನಮ್ಮ ಓಣಿಯಲ್ಲಿ ಎಲ್ಲರಿಗೂ ನೆನಪಾಗುವುದು ಒಂದೇ ಕಾಯಿಲೆ. ಹೆಸರು ಹೇಳಲು ನನಗೂ ಧೈರ್ಯವಾಗಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದಷ್ಟೇ ಹೇಳಿದೆ.

"ಸೂಜಿ ಹಾಕಿದ್ರೆ ಇನ್ನೂ ಹಬ್ಬತೈತಂತೆ. ರೋಜಾ ಮುಗೀಲಿ, ಆಮ್ಯಾಲೆ ನೋಡೋಣ" ಎಂದರು. ಬರೀ ತೋರಿಸಿ ಬರೋಣ ಎಂದು ಒಪ್ಪಿಸಿ, ಮರುದಿನ ದಾವಣಗೆರೆಯ ಸರಸ್ವತಿ ನಗರದ ದಂತವೈದ್ಯೆಯೊಬ್ಬರ ಬಳಿ ಕರೆದೊಯ್ದೆ.

ಹಲ್ಲುಗಳೆಲ್ಲ ಸರಿಯಾಗಿದ್ದವು. ಡಾಕ್ಟರು ಗಂಟನ್ನು ಮೆಲ್ಲಗೆ ಒತ್ತಿ ನೋಡಿ, "ಊಟದ ಹೊತ್ತಿಗೆ ಊದಿ, ಆಮೇಲೆ ಇಳಿತೈತೇನ್ರಿ?" ಎಂದು ಕೇಳಿದರು.

ಅಮ್ಮಿ ಯೋಚಿಸಲೇ ಇಲ್ಲ. "ಇಲ್ರಿ. ದಿನಾಪೂರ್ತಿ ನೀರೂ ಕುಡ್ದಿರಂಗಿಲ್ಲ, ಆಗ್ಲೂ ಅಷ್ಟೇ ಇರತೈತೆ. ಇಫ್ತಾರ್‌ನಾಗ ನಿಂಬೆ ಶರಬತ್ ಕುಡೀತೀನಿ, ಆಗ್ಲೂ ಅಷ್ಟೇ."

ಡಾಕ್ಟರು ನಕ್ಕರು. "ನಿಮ್ಮ ರೋಜಾನೇ ಅರ್ಧ ಪರೀಕ್ಷೆ ಮಾಡೇತಲ್ರಿ! ಜೊಲ್ಲು ಬರೋ ದಾರ್ಯಾಗ ಕಲ್ಲು ಕಟ್ಟಿದ್ರೆ ಹುಳಿ ತಿಂದ ಕೂಡ್ಲೇ ಊದತೈತೆ. ಇದು ಊದಂಗಿಲ್ಲ, ಅಂದ್ರೆ ಕಲ್ಲಲ್ಲ; ಜೊಲ್ಲಿನ ಗ್ರಂಥಿದೇ ಗಡ್ಡೆ ಇದ್ದಂಗೈತೆ. ಇಂಥವು ಬಾಳ ಸಲ ಕ್ಯಾನ್ಸರ್ ಆಗಿರಲ್ಲ. ಆದ್ರೆ ಕೈಲಿ ಮುಟ್ಟಿ ಹೇಳಾಕ ಆಗಲ್ರಿ, ಸಣ್ಣ ಸೂಜೀಲಿ ಚೂರು ತೆಗೆದು ನೋಡ್ಬೇಕು. ಅದ್ರಿಂದ ಹಬ್ಬತೈತೆ ಅನ್ನೋ ಹೆದರಿಕೆ ಬ್ಯಾಡ. ರೋಜಾನೂ ಮುರೀಬ್ಯಾಡ್ರಿ, ಇಫ್ತಾರ್ ಮುಗಿಸ್ಕೊಂಡು ಬರ್ರಿ. ನಾನು ಕಾಯ್ತೀನಿ."

ಅಮ್ಮಿ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, "ಆತು ಬಿಡ್ರಿ. ಅರ್ಧ ನಾನು ಮಾಡೀನಿ, ಇನ್ನರ್ಧ ನೀವು ಮಾಡ್ರಿ" ಎಂದರು.

ಅಂದು ಸಂಜೆ ಅದೇ ಕ್ಲಿನಿಕ್ಕಿನ ಬೆಂಚಿನ ಮೇಲೆ ಖರ್ಜೂರ ತಿಂದು ಉಪವಾಸ ಬಿಟ್ಟೆವು. ಅಮ್ಮಿ ಕೊಟ್ಟ ಒಂದು ಖರ್ಜೂರವನ್ನು ಡಾಕ್ಟರೂ ತಿಂದು, ಕೈ ತೊಳೆದು ಗ್ಲೌಸ್ ಹಾಕಿಕೊಂಡರು.

ವರದಿ ಬರುವವರೆಗೆ ಡೈರಿಯಲ್ಲಿ ನಾನು ತಾರೀಖು ಬಿಟ್ಟು ಬೇರೇನೂ ಬರೆಯಲಿಲ್ಲ. ಕೊನೆಗೆ ಡಾಕ್ಟರೇ ಫೋನ್ ಮಾಡಿದರು: ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಡಬಾರದು. ಹಬ್ಬ ಮುಗಿದ ಮೇಲೆ ಗಡ್ಡೆಯನ್ನು ಪೂರ್ತಿ ತೆಗೆದರು. ತೆಗೆದ ಗಡ್ಡೆಯ ಪರೀಕ್ಷೆಯೂ ಅದನ್ನೇ ಹೇಳಿತು.

ನೋವಿಲ್ಲ ಎಂಬ ಮಾತು ಕೇಳಿ ಸುಮ್ಮನಾಗುವುದನ್ನು ನಾನು ಅಂದೇ ಬಿಟ್ಟೆ. ಈ ವರ್ಷದ ಮೊದಲ ಇಫ್ತಾರ್‌ನಲ್ಲಿ ಅಮ್ಮಿಯ ಬಾಯನ್ನೇ ನೋಡುತ್ತ ಕೂತಿದ್ದೆ. ಅವರಿಗೆ ಗೊತ್ತಾಯಿತು.

"ಏನು ಹಂಗ ನೋಡ್ತಿ? ಬರ್ಕೋ ನಿನ್ನ ಡೈರ್ಯಾಗ," ಎಂದು ಖರ್ಜೂರವನ್ನು ಎಡಗೆನ್ನೆಗೆ ಸರಿಸಿಕೊಂಡು ಅಗಿದರು.