ಓಪನ್ ಆಗಿದ್ದ ಲೈಟು

ಕೆಟ್ಟುಹೋಯಿತೆಂದು ನಿನ್ನೆ ನೀವೆಲ್ಲ ಎಸೆಯಿರಿ ಎಂದ ಎಲ್‌ಇಡಿ ಲೈಟನ್ನು ನಾನು ಎಸೆಯಲಿಲ್ಲ ಸ್ನೇಹಿತರೇ. ತೀರಿಹೋದ ನನ್ನ ಹೆಂಡತಿ ಅದರ ಕೆಳಗೇ ಕೂತು ಹೊಲಿಯುತ್ತಿದ್ದಳು, ಅಲ್ಲಿಗೆ ಬೇರೆ ಲೈಟು ಹಾಕಲು ಮನಸ್ಸಿಲ್ಲ. ಇವತ್ತು ಗುಬ್ಬಿಯ ರಿಪೇರಿ ಅಂಗಡಿಯ ರತ್ನಮ್ಮನ ಹತ್ತಿರ ಒಯ್ದೆ. ಹಿಂದೆ ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ಎಲ್‌ಇಡಿ ಡ್ರೈವರ್, ಅಂದರೆ ಲೈಟಿಗೆ ಕರೆಂಟನ್ನು ಹದಮಾಡಿ ಕೊಡುವ ಭಾಗ, ಚೆಕ್ ಮಾಡುತ್ತಿದ್ದವಳು.

ಮೀಟರ್ ಇಟ್ಟು ನೋಡಿ, "ಡ್ರೈವರ್ ಚೆನ್ನಾಗೈತೆ ಸಾರ್. ಒಂದು ಎಲ್‌ಇಡಿ ಓಪನ್ ಆಗೈತೆ" ಎಂದಳು.

ನಾನು ಬಿಡುತ್ತೇನೆಯೇ? "ಓಪನ್ ಈಸ್ ದಿ ಆಪೋಸಿಟ್ ವರ್ಡ್ ಆಫ್ ಕ್ಲೋಸ್ ಕಣಮ್ಮ. ತೆರೆದಿದ್ರೆ ಕರೆಂಟು ಸಲೀಸಾಗಿ ಹೋಗ್ಬೇಕಲ್ಲ?"

"ಇದು ಅಂಗಡಿ ಬಾಗ್ಲಲ್ಲ ಸಾರ್! ಓಪನ್ ಅಂದ್ರೆ ದಾರಿ ಕಡಿದೋಗೈತೆ ಅಂತ. ಒಂದು ಸತ್ತಿದ್ದಕ್ಕೆ ಸಾಲೆಲ್ಲ ಆರೋಗೈತೆ. ಅದನ್ನ ಶಾರ್ಟ್ ಮಾಡ್ತೀನಿ."

"ಶಾರ್ಟ್ ಆದ್ರೆ ಸುಟ್ಟೋಗಲ್ವಾ?"

"ಪೂರ್ತಿ ಶಾರ್ಟ್ ಆದ್ರೆ ಕಷ್ಟ. ಇದೊಂದನ್ನ ದಾಟಿಸಿದ್ರೆ ಮಿಕ್ಕಿದ್ವು ಉರೀತವೆ ಬುಡಿ."

ಚೂರು ತಂತಿ ಬೆಸೆದಳು. ಸತ್ತದ್ದು ಅಲ್ಲೇ ಕಪ್ಪಗೆ ಉಳಿಯಿತು, ಸುತ್ತಲಿನವೆಲ್ಲ ಫಳ್ಳನೆ ಹೊತ್ತಿಕೊಂಡವು. ಅರವತ್ತೆಂಟನೇ ವಯಸ್ಸಿನಲ್ಲಿ ನನ್ನ ಇಂಗ್ಲಿಷ್ ಫೇಲಾಯಿತು, ಬೇಜಾರಿಲ್ಲ.

ಬರೆಯುತ್ತಾ ಕೂತು ಹೊತ್ತು ಮುಳುಗಿದ್ದೇ ತಿಳಿಯಲಿಲ್ಲ, ಕನ್ನಡಕ ಹಾಕಿದರೂ ಅಕ್ಷರ ಕಾಣುತ್ತಿಲ್ಲ. ಎದ್ದು ಆ ಲೈಟನ್ನೇ ಹಾಕುತ್ತೇನೆ. ಗುಂಡಿ ಕಿತ್ತುಹೋದ ಅಂಗಿಗಳು ಮೂರಿವೆ, ಹೆಂಡತಿಯ ಜಾಗದಲ್ಲಿ ಕೂತು ಇವತ್ತು ಒಂದನ್ನಾದರೂ ಹೊಲಿಯಬೇಕು. ಸೂಜಿಗೆ ದಾರ ಪೋಣಿಸಿದರೆ ಅರ್ಧ ಪಾಸು.