ಬೀಳುವ ಕೆಲಸ

ಸಿನಿಮಾದವರೆಲ್ಲ ಅವಳನ್ನು ಬೆಕ್ಕಕ್ಕ ಎನ್ನುತ್ತಿದ್ದರು. ಎಷ್ಟು ಎತ್ತರದಿಂದ ಬಿದ್ದರೂ ಬೆಕ್ಕಿನ ಹಾಗೆ ಮೈ ಕೊಡವಿಕೊಂಡು ಏಳುತ್ತಿದ್ದಳು. ನಾಯಕಿಯರ ಬದಲಿಗೆ ಮಹಡಿಯಿಂದ, ಸೇತುವೆಯಿಂದ, ಓಡುವ ಲಾರಿಯಿಂದ ಬೀಳುವುದೇ ಅವಳ ಕೆಲಸ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಯಾರಾದರೂ ಛೇಡಿಸಿದರೆ, ತನಗೆ ಮೀಸೆಯೇ ಇಲ್ಲ, ಮಣ್ಣಾಗುವ ಚಿಂತೆಯೂ ಇಲ್ಲ ಎಂದು ನಗುತ್ತಿದ್ದಳು.

ಆಮೇಲೆ ಮಂಡಿ ಕೈಕೊಟ್ಟಿತು. ಇನ್ನು ಕುರ್ಚಿಯಿಂದಲೂ ಹಾರಕೂಡದು ಎಂದರು ಡಾಕ್ಟರು. ಅಂದಿನಿಂದ ಬೀಳುವ ಹುಡುಗಿಯರಿಗೆ ಬೆಲ್ಟು ಬಿಗಿಯುವುದು, ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆ ಜೋಡಿಸಿ ಮೇಲೆ ಹಾಸಿಗೆ ಹಾಸುವುದು ಅವಳ ಪಾಲಿಗೆ ಬಂತು.

ಆಗ ತೆಗೆಯುತ್ತಿದ್ದ ಸಿನಿಮಾದ ಕತೆಯೇ ವಿಚಿತ್ರ. ಪಾಳುಬಿದ್ದ ಕಾರ್ಖಾನೆಯೊಳಗೆ ಒಂದಷ್ಟು ಜನರನ್ನು ಕೂಡಿಹಾಕುತ್ತಾರೆ. ಒಬ್ಬರನ್ನೊಬ್ಬರು ಕೊಂದು ಕೊನೆಗೆ ಉಳಿದವರೇ ಗೆದ್ದವರು. ಊರಿಗೆ ಊರೇ ಅದನ್ನು ಟೀವಿಯಲ್ಲಿ ನೋಡುತ್ತದೆ. ನಾಯಕಿ ನೀರಿನ ಟ್ಯಾಂಕಿನ ಮೇಲಿಂದ ಬೀಳಬೇಕು. ಅವಳ ಬದಲಿಗೆ ಬಂದ ಹುಡುಗಿ ಹೊಸಬಳು, ಮೇಲೆ ಹೋದವಳು ಕಂಬಿ ಬಿಡಲೊಲ್ಲಳು. ಬೆಕ್ಕಕ್ಕ ಕುಂಟುತ್ತ ಮೆಟ್ಟಿಲು ಹತ್ತಿದಳು.

ಅಂಚಿಗೆ ಬಂದು ನಿಂತಳು. ಮುಖಕ್ಕೆ ಗಾಳಿ ರಾಚಿತು. ಕೆಳಗೆ ತಾನೇ ಹಾಸಿದ ಹಾಸಿಗೆ ಕರವಸ್ತ್ರದಷ್ಟು ಕಂಡಿತು. ಎಷ್ಟೋ ಕಾಲದಿಂದ ತವರು ಕಾಣದವಳು ಬಾಗಿಲಿಗೆ ಬಂದು ನಿಂತ ಹಾಗಾಯಿತು ಅವಳಿಗೆ. ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಫೈಟ್ ಮಾಸ್ಟರನನ್ನು ಕರೆದಳು. ಒಂದು ಕಾಲಕ್ಕೆ ಅವನೂ ಅವಳ ಜೊತೆ ಬೀಳುತ್ತಿದ್ದವನೇ.

"ಮಾಸ್ಟರ್, ಇದೊಂದು ನಾನೇ ಬೀಳ್ತೀನಿ."

ವಾಕಿಟಾಕಿ ಗೊರಗುಟ್ಟಿತು.

"ಬೇಡಕ್ಕ," ಎಂದ ಅವನು. "ಬೀಳೋ ಆಸೆ ನನಗೂ ಇದೆ. ಹುಡುಗೀನ ಕಳಿಸು."

ನೆಲ ನೋಡಬೇಡ, ಎದುರಿನ ಮರ ನೋಡುತ್ತ ಹಿಂದಕ್ಕೆ ಒರಗು ಎಂದು ಹುಡುಗಿಗೆ ಹೇಳಿಕೊಟ್ಟಳು. ಹುಡುಗಿ ಸೊಗಸಾಗಿ ಬಿದ್ದಳು. ಕೆಳಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಕ್ಕಕ್ಕನಿಗೆ ಮಾತ್ರ ಇಳಿಯಲು ಮನಸ್ಸೇ ಬರಲಿಲ್ಲ.

ಸಿನಿಮಾ ಬಿಡುಗಡೆಯಾದಾಗ ಗಂಡನನ್ನು ಕರೆದುಕೊಂಡು ಮ್ಯಾಟಿನಿಗೆ ಹೋದಳು. ಅವನು ದರ್ಜಿ, ಅವಳ ಒಂದು ಸಿನಿಮಾವನ್ನೂ ತಪ್ಪಿಸಿಕೊಂಡವನಲ್ಲ. ಟ್ಯಾಂಕಿನ ದೃಶ್ಯ ಬಂದಾಗ ಅವಳ ಬೆನ್ನು ತಾನಾಗಿ ಸೀಟಿಗೆ ಒರಗಿತು. ಪಕ್ಕಕ್ಕೆ ತಿರುಗಿದರೆ ಗಂಡ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.

"ಅದು ನಾನಲ್ಲ ರೀ," ಎಂದು ಪಿಸುಗುಟ್ಟಿದಳು.

"ಗೊತ್ತು. ಅಭ್ಯಾಸ."

ಹೊರಗೆ ಬಂದ ಮೇಲೆ ನಿಜ ಹೇಳಿದ. ಅವಳು ಬಿದ್ದದ್ದನ್ನು ಒಮ್ಮೆಯೂ ನೋಡಿರಲಿಲ್ಲವಂತೆ.

"ಮತ್ತೆ ಪ್ರತೀ ಸಲ ಚೆನ್ನಾಗಿತ್ತು ಅಂತಿದ್ರಲ್ಲ?"

"ಕಣ್ಣು ಬಿಟ್ಟಾಗ ನೀನು ಪಕ್ಕದಲ್ಲೇ ಇರ್ತಿದ್ದೆ. ಅದು ಚೆನ್ನಾಗಿರ್ತಿತ್ತು."

ಅವಳಿಗೆ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ. ಆದರೆ ಬಸ್ಸಿನಲ್ಲಿ ಕೂತಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಇಷ್ಟು ವರ್ಷ ಪರದೆಯ ಮೇಲೆ ಜನ ನೋಡಿದ್ದು ನಾಯಕಿಯನ್ನು. ತನ್ನನ್ನು ನೋಡಬೇಕಾಗಿದ್ದ ಒಬ್ಬನೇ ಒಬ್ಬ ಕಣ್ಣು ಮುಚ್ಚಿ ಕೂತಿದ್ದ.

ಮನೆಗೆ ಬಂದವಳೇ ಮೊಬೈಲಿನಲ್ಲಿ ಒಂದು ಹಳೆಯ ಸಿನಿಮಾ ಹುಡುಕಿ, ಸೇತುವೆಯ ದೃಶ್ಯ ಹಾಕಿ ಅವನ ಮುಂದೆ ಹಿಡಿದಳು. ಅವನು ಅವಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು, ರೆಪ್ಪೆ ಬಡಿಯದೆ ನೋಡಿದ. ಅವಳು ನೋಡಿದ್ದು ಅವನ ಮುಖವನ್ನು.

"ಆಗ ನಿನಗೆ ಏನನ್ನಿಸ್ತಿತ್ತು?" ಎಂದು ಕೇಳಿದ.



"ಇಷ್ಟು ಬೇಗ ಮುಗೀತಲ್ಲ ಅನ್ನಿಸ್ತಿತ್ತು," ಎಂದಳು.